ಮೂಗಿನ ತುದಿಯಲ್ಲಿ ಕೋಪ ಇಲ್ಲದ ದೇವರು: ನಮ್ಮ ಅನುಮಾನಗಳನ್ನ ಆತ ಹೇಗೆ ಸಹಿಸ್ಕೋತಾನೆ?

ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ವಿಡಿಯೋ ನೋಡೋಕೆ ಟೈಮ್ ಸಿಗದೆ ಆಫೀಸ್ ಕ್ಯಾಬಲ್ಲೋ ಲೋಕಲ್ ಟ್ರೇನಲ್ಲೋ ಓದುವವರಿಗಾಗಿ ಇದು. ಮಾತಾಡುವಾಗ ದಾರಿ ತಪ್ಪಿದ ಕಡೆ ಸ್ವಲ್ಪ ಸರಿ ಮಾಡಿದ್ದೇನೆ, ಅಷ್ಟೇ.

ಹೋದ ತಿಂಗಳು ಹೈದರಾಬಾದಿನಿಂದ ಒಬ್ಬರು ಮೆಸೇಜ್ ಕಳಿಸಿದ್ದರು. ರಾತ್ರಿ ಎರಡು ಗಂಟೆಗೆ ಕಳಿಸಿದ್ದು. "ಅಣ್ಣಾ, ನಂಗೆ ದೇವರ ಬಗ್ಗೆನೇ ಅನುಮಾನ ಬರ್ತಿದೆ. ಮನೇಲಿ ಹೇಳೋಕಾಗಲ್ಲ, ಸಭೇಲೂ ಹೇಳೋಕಾಗಲ್ಲ. ಹೀಗೆ ಪ್ರಶ್ನೆ ಕೇಳಿದ್ರೆ ದೇವರಿಗೆ ಸಿಟ್ಟು ಬರುತ್ತಾ?"

ಇದಕ್ಕೆ ಒಂದೇ ಸಾಲಲ್ಲಿ "ಇಲ್ಲ" ಅಂತ ಉತ್ತರ ಹಾಕಿ ಮಲಗಬಹುದಿತ್ತು. ಹಾಕಲಿಲ್ಲ. ಯಾಕಂದ್ರೆ ಇದೇ ಪ್ರಶ್ನೆಯನ್ನು ನಾನೂ ಎರಡು ವರ್ಷ ಹೊತ್ತುಕೊಂಡು ತಿರುಗಿದವನು.

ಮೊದಲು ನನ್ನ ಕಥೆ, ಚಿಕ್ಕದಾಗಿ

ನಾನು ಶಿವಮೊಗ್ಗದವನು. ಎಂಟೆಕ್ ಮುಗಿಸಿ ಪುಣೆಗೆ ಬಂದು ಹತ್ತು ವರ್ಷ ದಾಟಿತು. 2019ರಲ್ಲಿ ಒಂದು ಸಂಜೆ ಊರಿಂದ ಫೋನ್ ಬಂತು: ಅಪ್ಪನಿಗೆ ಸ್ಟ್ರೋಕ್ ಆಗಿದೆ, ತಕ್ಷಣ ಹೊರಡು. ವಾಕಡ್‌ನಲ್ಲಿ ಸಿಕ್ಕ ಬಸ್ ಹತ್ತಿದೆ. ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ, ಇಡೀ ರಾತ್ರಿ ಒಂದೇ ಪ್ರಾರ್ಥನೆ. ದೊಡ್ಡ ಮಾತೇನೂ ಇಲ್ಲ, "ನಾನು ತಲುಪೋವರೆಗೆ ಉಳಿಸು" ಅಂತ ಮಾತ್ರ. ಗುಣಮಾಡು ಅಂತಲೂ ಕೇಳಿರಲಿಲ್ಲ ನೋಡಿ. ರಾಣೆಬೆನ್ನೂರು ದಾಟುವಾಗ ತಮ್ಮನ ಫೋನ್ ಬಂತು. ಅವನು ಏನೂ ಹೇಳಲಿಲ್ಲ, ಅಳುತ್ತಿದ್ದ.

ಮಣ್ಣು ಮುಗಿಸಿ ಮನೆಯಲ್ಲಿ ಕೂತಿದ್ದಾಗ ಹಿರಿಯರೊಬ್ಬರು ಬಂದರು. ನಾನು ಬಾಯಿ ತಪ್ಪಿ, "ಅಷ್ಟೊಂದು ಕೇಳಿಕೊಂಡೆ, ಒಂದು ಐದು ಗಂಟೆ ಕೊಡೋಕೆ ದೇವರಿಗೆ ಏನು ಕಷ್ಟ ಇತ್ತು?" ಅಂದುಬಿಟ್ಟೆ. ಅವರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಹೀಗೆ ಅನುಮಾನ ಇಟ್ಕೊಂಡು ಕೇಳಿದ್ದಕ್ಕೇ ಸಿಗಲಿಲ್ಲ." ಒಳ್ಳೇ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಆ ಮಾತಿನ ಅರ್ಥ ಏನಾಯ್ತು? ಅಪ್ಪನ ಸಾವಿಗೆ ನನ್ನ ಅನುಮಾನ ಕಾರಣ ಅಂತ ಆಯ್ತು. ಅಲ್ಲಿಂದ ಮುಂದೆ ಪ್ರಾರ್ಥನೆ ನಿಂತುಹೋಯಿತು. ಸಿಟ್ಟಿಗಿಂತ ಹೆಚ್ಚಾಗಿ ಭಯ. ಬಾಯಿ ತೆಗೆದರೆ ಪ್ರಶ್ನೆಯೇ ಬರುತ್ತೆ, ಪ್ರಶ್ನೆ ಬಂದರೆ ಇನ್ನೇನು ಕಿತ್ಕೋತಾನೋ ಅಂತ.

ಈ ಭಯ ಸರಿಯಾ? ಬೈಬಲ್‌ನಲ್ಲಿ ಇರುವ ದೇವರು ಅಂಥವನಾ? ಇದನ್ನು ತಿಳಿಯೋಕೆ ನಾನು ಕೊನೆಗೆ ಮಾಡಿದ್ದು ನಮಗೆಲ್ಲ ಗೊತ್ತಿರೋ ಕೆಲಸ. ಯಾರೋ ಹೇಳಿದ ವಿವರಣೆ ಬಿಟ್ಟು ಮೂಲಕ್ಕೇ ಹೋಗಿ ಓದಿದೆ.

ದೇವರ ಮೂಗು ಉದ್ದ!

ನಗಬೇಡಿ, ನಿಜವಾಗ್ಲೂ ಹಾಗೇ ಇದೆ. ವಿಮೋಚನಕಾಂಡ 34ನೇ ಅಧ್ಯಾಯದಲ್ಲಿ ದೇವರು ಮೋಶೆಗೆ ತಾನು ಎಂಥವನು ಅಂತ ಹೇಳಿಕೊಳ್ಳುತ್ತಾನೆ. ಅಲ್ಲಿ ಹೀಬ್ರೂ ಭಾಷೆಯಲ್ಲಿ ಒಂದು ಪದಗುಚ್ಛ ಬರುತ್ತೆ: ಎರೆಕ್ ಅಪ್ಪಯಿಮ್. ಅಕ್ಷರಶಃ ಅರ್ಥ ಮಾಡಿದರೆ "ಉದ್ದ ಮೂಗಿನವನು". ಹೀಬ್ರೂವಿನಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಪದ. ಸಿಟ್ಟು ಬಂದಾಗ ಮೂಗಿನ ಹೊಳ್ಳೆ ಬಿಸಿಯಾಗುತ್ತಲ್ಲ, ಅದಕ್ಕೆ. ಮೂಗು ಉದ್ದ ಅಂದರೆ ಆ ಬಿಸಿ ತುದಿಗೆ ಬರೋಕೆ ತುಂಬಾ ಹೊತ್ತು ಬೇಕು, ಅಂದರೆ ಬೇಗ ಸಿಟ್ಟು ಮಾಡಿಕೊಳ್ಳದವನು.

ಇದನ್ನ ಕನ್ನಡದವರಿಗೆ ವಿವರಿಸೋದೇ ಬೇಕಿಲ್ಲ. ನಾವು ಸಿಡುಕು ಮನುಷ್ಯನಿಗೆ ಏನಂತೀವಿ? ಅವನಿಗೆ ಮೂಗಿನ ತುದಿಯಲ್ಲೇ ಕೋಪ! ದೇವರು ಇದಕ್ಕೆ ಪೂರ್ತಿ ಉಲ್ಟಾ. ನಮ್ಮ ಕನ್ನಡ ಬೈಬಲ್‌ನಲ್ಲಿ ಇದೇ ಗುಣಕ್ಕೆ ಒಂದು ಚಂದದ ಪದ ಇದೆ, ದೀರ್ಘಶಾಂತಿ. ಪ್ರೀತಿ ಎಂದರೇನು ಅಂತ ಪೌಲ ಕೊರಿಂಥದವರಿಗೆ ಪಟ್ಟಿ ಕೊಡುವಾಗ ಶುರು ಮಾಡುವುದೇ ಈ ತಾಳ್ಮೆಯಿಂದ.

ಸಂದರ್ಭ ಗಮನಿಸಿ. 34ನೇ ಅಧ್ಯಾಯ ಬರುವುದು 32ನೇ ಅಧ್ಯಾಯದ ನಂತರ. ಅಲ್ಲಿ ಏನಾಗಿತ್ತು? ಮೋಶೆ ಬೆಟ್ಟದಿಂದ ಇಳಿಯೋದು ತಡವಾಯಿತು ಅಂತ ಜನ ತಾಳ್ಮೆ ಕಳೆದುಕೊಂಡು ಚಿನ್ನದ ಕರು ಮಾಡಿ ಪೂಜೆ ಮಾಡಿದ್ದರು. ತಾಳ್ಮೆ ಇಲ್ಲದೆ ಮಾತು ಮುರಿದ ಜನಕ್ಕೇ ದೇವರು "ನಾನು ತಾಳ್ಮೆಯವನು" ಎಂಬ ಪರಿಚಯ ಕೊಡುತ್ತಾನೆ.

ಗಿದ್ಯೋನನ ಟೆಸ್ಟ್ ಕೇಸ್

ಇಂಜಿನಿಯರುಗಳಿಗೆ ಇಷ್ಟ ಆಗೋ ಮನುಷ್ಯ ಇವನು. ನ್ಯಾಯಸ್ಥಾಪಕರು 6ನೇ ಅಧ್ಯಾಯ. ಮಿದ್ಯಾನ್ಯರು ಬಂದು ಬೆಳೆ ದೋಚುತ್ತಿದ್ದ ಕಾಲ. ಗಿದ್ಯೋನ ಗೋದಿಯನ್ನು ಕಣದಲ್ಲಿ ಬಡಿಯೋಕೆ ಹೆದರಿ, ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಅಡಗಿಕೊಂಡು ಬಡಿಯುತ್ತಿದ್ದಾನೆ. ಅಲ್ಲಿಗೆ ದೇವದೂತ ಬಂದು, ಕರ್ತನು ನಿನ್ನ ಸಂಗಡ ಇದ್ದಾನೆ ಎಂಬ ಅರ್ಥದಲ್ಲಿ ಮಾತಾಡಿಸುತ್ತಾನೆ. ಗಿದ್ಯೋನ ಥ್ಯಾಂಕ್ಸ್ ಹೇಳಲ್ಲ. ನೇರವಾಗಿ ಕೇಳುತ್ತಾನೆ: ಸಂಗಡ ಇದ್ದರೆ ನಮಗೆ ಇದೆಲ್ಲ ಯಾಕಾಯ್ತು? ಹಿಂದಿನವರು ಹೇಳುತ್ತಿದ್ದ ಅದ್ಭುತಗಳೆಲ್ಲ ಎಲ್ಲಿ?

ಇದಕ್ಕೆ ಬೈಗುಳ ಸಿಗಲಿಲ್ಲ, ಕೆಲಸ ಸಿಕ್ಕಿತು. ಆದರೂ ಅವನಿಗೆ ನಂಬಿಕೆ ಬರಲಿಲ್ಲ. ಒಂದು ಪರೀಕ್ಷೆ ಇಟ್ಟ. ಕಣದಲ್ಲಿ ಕುರಿಯ ತುಪ್ಪಟ ಹಾಕ್ತೀನಿ, ಬೆಳಗ್ಗೆ ತುಪ್ಪಟದ ಮೇಲೆ ಮಾತ್ರ ಮಂಜು ಇರಬೇಕು, ಸುತ್ತಲಿನ ನೆಲ ಒಣಗಿರಬೇಕು. ಹಾಗೇ ಆಯಿತು. ಹಿಂಡಿದರೆ ಒಂದು ಬಟ್ಟಲು ನೀರು ಬಂತು.

ಆಮೇಲೆ ಅವನಿಗೆ ಹೊಳೆದಿರಬೇಕು ಅನ್ನೋದು ನನ್ನ ಊಹೆ: ಉಣ್ಣೆ ಹೇಗೂ ನೀರು ಹೀರಿಕೊಳ್ಳುತ್ತೆ, ಬಿಸಿಲಿಗೆ ನೆಲ ಬೇಗ ಒಣಗುತ್ತೆ. ಇದು ಫಾಲ್ಸ್ ಪಾಸಿಟಿವ್ ಯಾಕಾಗಿರಬಾರದು? ಎರಡನೇ ರಾತ್ರಿ ಟೆಸ್ಟ್ ಅನ್ನು ತಿರುಗಿಸಿದ. ಈಗ ತುಪ್ಪಟ ಒಣಗಿರಲಿ, ನೆಲ ಒದ್ದೆಯಾಗಿರಲಿ. ಕೇಳುವಾಗ ಅವನಿಗೇ ಮುಜುಗರ, ಸಿಟ್ಟು ಮಾಡ್ಕೋಬೇಡ ಅಂತ ಬೇಡಿಕೊಂಡೇ ಕೇಳುತ್ತಾನೆ. ಅದೂ ಆಯಿತು.

ನನಗೆ ಅತಿ ಇಷ್ಟವಾದ ಭಾಗ ಇದಾದ ಮೇಲೆ, 7ನೇ ಅಧ್ಯಾಯದಲ್ಲಿದೆ. ಯುದ್ಧದ ಹಿಂದಿನ ರಾತ್ರಿ ಈ ಸಲ ಗಿದ್ಯೋನ ಏನೂ ಕೇಳಿಲ್ಲ. ದೇವರೇ ತಾನಾಗಿ ಹೇಳುತ್ತಾನೆ: ನಿನಗೆ ಭಯ ಇದ್ದರೆ ಶತ್ರುಗಳ ಪಾಳೆಯದ ಹತ್ತಿರ ಹೋಗಿ ಅವರ ಮಾತು ಕೇಳಿಸಿಕೋ. ಹೋಗಿ ಕೇಳಿದರೆ ಅಲ್ಲೊಬ್ಬ ಸಿಪಾಯಿ ಜೊತೆಗಾರನಿಗೆ ಕನಸು ಹೇಳುತ್ತಿದ್ದಾನೆ: ಜವೆಗೋದಿಯ ರೊಟ್ಟಿಯೊಂದು ಉರುಳಿ ಬಂದು ಗುಡಾರ ಬೀಳಿಸಿತು ಅಂತ. ಕೇಳದೇ ಇದ್ದ ಮೂರನೇ ಸಮಾಧಾನ ಅದು. ಅವನ ಒಳಗೆ ಇನ್ನೂ ಭಯ ಉಳಿದಿದೆ ಅಂತ ದೇವರಿಗೆ ಗೊತ್ತಿತ್ತು, ಅದನ್ನು ತಪ್ಪು ಅಂತ ಎಣಿಸಲಿಲ್ಲ.

ತೋಮ: ಒಂದು ವಾರ ಕಾದ ಉತ್ತರ

ಚೆನ್ನೈನಲ್ಲಿರುವವರು ಸೇಂಟ್ ಥಾಮಸ್ ಮೌಂಟ್ ಸ್ಟೇಷನ್ ಹೆಸರು ಕೇಳಿರುತ್ತೀರಿ. ಏರ್‌ಪೋರ್ಟ್ ಹತ್ತಿರದ ಆ ಬೆಟ್ಟಕ್ಕೆ ತಮಿಳಲ್ಲಿ ಪರಂಗಿಮಲೈ ಅಂತಾರೆ. ಯೇಸುವಿನ 12 ಶಿಷ್ಯರಲ್ಲಿ ಒಬ್ಬನಾದ ತೋಮ ಭಾರತಕ್ಕೆ ಬಂದು ಕ್ರಿ.ಶ. 72ರಲ್ಲಿ ಅಲ್ಲೇ ಪ್ರಾಣಕೊಟ್ಟ ಅನ್ನೋದು ಇಲ್ಲಿನ ಕ್ರೈಸ್ತರ ಪರಂಪರೆ. ಸಾಂಥೋಮ್‌ನ ದೊಡ್ಡ ಚರ್ಚು ಅವನ ಸಮಾಧಿಯ ಮೇಲಿದೆ ಅಂತಲೂ ನಂಬುತ್ತಾರೆ. ಅದೇ ತೋಮನಿಗೆ ಪ್ರಪಂಚ ಕೊಟ್ಟಿರೋ ಹೆಸರು ಮಾತ್ರ ಸಂಶಯದ ತೋಮ.

ಪಾಪ, ಇದು ಅನ್ಯಾಯ. ಯೋಹಾನನ ಸುವಾರ್ತೆ 11ನೇ ಅಧ್ಯಾಯದಲ್ಲಿ ಯೇಸು ಅಪಾಯ ಇರುವ ಊರಿಗೆ ಹೊರಟಾಗ, ನಾವೂ ಹೋಗಿ ಆತನ ಜೊತೆ ಸಾಯೋಣ ಅನ್ನುವ ಅರ್ಥದ ಮಾತಾಡಿದವನು ಇವನೇ. 14ನೇ ಅಧ್ಯಾಯದಲ್ಲಿ ಯೇಸು ತಾನು ಹೋಗುವ ದಾರಿ ನಿಮಗೆ ಗೊತ್ತು ಅಂದಾಗ ಉಳಿದವರು ಸುಮ್ಮನಿದ್ದರು. ಮೀಟಿಂಗಲ್ಲಿ ಅರ್ಥ ಆಗದಿದ್ದರೂ ತಲೆ ಆಡಿಸ್ತೀವಲ್ಲ, ಹಾಗೆ. ನೀನು ಎಲ್ಲಿಗೆ ಹೋಗ್ತೀಯೋ ಅದೇ ಗೊತ್ತಿಲ್ಲ, ದಾರಿ ಹೇಗೆ ಗೊತ್ತಾಗುತ್ತೆ ಅಂತ ಬಾಯಿಬಿಟ್ಟು ಕೇಳಿದವನು ತೋಮ.

20ನೇ ಅಧ್ಯಾಯಕ್ಕೆ ಬನ್ನಿ. ಯೇಸು ಮತ್ತೆ ಎದ್ದು ಬಂದು ಶಿಷ್ಯರಿಗೆ ಕಾಣಿಸಿಕೊಂಡಾಗ ತೋಮ ಅಲ್ಲಿರಲಿಲ್ಲ. ನಾನೇ ಕಣ್ಣಾರೆ ನೋಡಿ ಆ ಗಾಯ ಮುಟ್ಟದ ಹೊರತು ನಂಬಲ್ಲ ಅಂದ. ಆದರೆ ಉಳಿದವರು ಏನು ಸುಮ್ಮನೆ ನಂಬಿದ್ದರಾ? ಅವರಿಗೂ ಯೇಸು ಕೈ ಮತ್ತು ಪಕ್ಕೆ ತೋರಿಸಿದ್ದ. ಅದಕ್ಕೂ ಮುಂಚೆ ಹೆಂಗಸರು ಬಂದು ಸುದ್ದಿ ಹೇಳಿದಾಗ ಅದನ್ನು ಹುರುಳಿಲ್ಲದ ಮಾತು ಅಂತ ತಳ್ಳಿಹಾಕಿದ್ದರು ಅಂತ ಲೂಕ ಬರೆಯುತ್ತಾನೆ. ಅಂದರೆ ತೋಮ ಕೇಳಿದ್ದು ಉಳಿದವರಿಗೆ ಆಗಲೇ ಸಿಕ್ಕಿದ್ದನ್ನೇ.

ಇಲ್ಲಿ ಎರಡು ವಿಷಯ ಗಮನಿಸಿ.

ಒಂದು, ಎಂಟು ದಿನ ಆದ ಮೇಲೂ ತೋಮ ಅದೇ ಕೋಣೆಯಲ್ಲಿದ್ದ. ಹತ್ತು ಜನ ನಂಬಿದವರ ಮಧ್ಯೆ ನಂಬದ ಒಬ್ಬ. ಅವರು ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಎದ್ದು ಹೋಗಲಿಲ್ಲ. ಆ ವಾರ ಊಟ, ತಿಂಡಿ, ನಿದ್ದೆ ಎಲ್ಲ ಒಟ್ಟಿಗೇ ಆಗಿರಬೇಕು. ದೇವರ ತಾಳ್ಮೆ ಬಹಳ ಸಲ ನಮಗೆ ಸಿಗೋದು ಹೀಗೆ, ನಮ್ಮನ್ನು ಓಡಿಸದ ಮನುಷ್ಯರ ರೂಪದಲ್ಲಿ.

ಎರಡು, ಯೇಸು ಬಂದು ಮೊದಲು ಎಲ್ಲರಿಗೂ ಶಾಂತಿ ಕೋರಿ ಆಮೇಲೆ ನೇರ ತೋಮನ ಕಡೆ ತಿರುಗಿ, ಅವನು ಹೇಳಿದ್ದ ಷರತ್ತನ್ನೇ ಒಂದೊಂದಾಗಿ ಮುಂದಿಟ್ಟ: ಬೆರಳು ಇಲ್ಲಿ ಇಡು, ಕೈ ಇಲ್ಲಿ ಹಾಕು. ಆ ಮಾತು ಹೇಳಿದಾಗ ಯೇಸು ಕಣ್ಣಿಗೆ ಕಾಣುವ ಹಾಗೆ ಅಲ್ಲಿರಲಿಲ್ಲ, ಆದರೆ ಕೇಳಿಸಿಕೊಂಡಿದ್ದ. ನಂಬದವನಾಗಿ ಉಳಿಯಬೇಡ ಅಂತ ಹೇಳಿದ್ದೂ ನಿಜ, ನೋಡದೆ ನಂಬುವವರು ಧನ್ಯರು ಎಂಬರ್ಥದಲ್ಲಿ ಹೇಳಿದ್ದೂ ನಿಜ. ಆದರೆ ಅದನ್ನು ಹೇಳಿದ್ದು ಗಾಯ ತೋರಿಸಿದ ಮೇಲೆ. ಚಿತ್ರಕಾರರು ತೋಮ ಬೆರಳು ಹಾಕುವ ಹಾಗೆ ಬರೆದಿದ್ದಾರೆ, ಸುವಾರ್ತೆಯಲ್ಲಿ ಮಾತ್ರ ಅವನು ಮುಟ್ಟಿದ ಅಂತ ಎಲ್ಲೂ ಇಲ್ಲ. ತನ್ನ ಪ್ರಶ್ನೆಯನ್ನು ಆತ ಕೇಳಿಸಿಕೊಂಡಿದ್ದಾನೆ ಅಂತ ಗೊತ್ತಾದದ್ದೇ ಸಾಕಾಯಿತೋ ಏನೋ. ಯೇಸುವನ್ನು ದೇವರು ಅಂತ ಆ ಸುವಾರ್ತೆಯಲ್ಲಿ ನೇರವಾಗಿ ಮುಖಕ್ಕೇ ಕರೆದದ್ದು ಈ ಸಂಶಯದ ಮನುಷ್ಯ.

ಉತ್ತರ ಸಿಗದವರ ಕಥೆ

ಈಗ ನೀವು ಕೇಳಬಹುದು: ತೋಮನಿಗೆ ಸಾಕ್ಷಿ ಸಿಕ್ಕಿತು, ಗಿದ್ಯೋನನಿಗೂ ಸಿಕ್ಕಿತು, ನನಗೆ ಸಿಕ್ಕಿಲ್ಲವಲ್ಲ? ನ್ಯಾಯವಾದ ಪ್ರಶ್ನೆ. ಅದಕ್ಕೆ ಯೋಬನ ಪುಸ್ತಕ ಇದೆ.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಹತ್ತಿರ ಮೂರು ಸ್ನೇಹಿತರು ಬರುತ್ತಾರೆ. ಮೊದಲ ಏಳು ದಿನ ಏನೂ ಮಾತಾಡದೆ ನೆಲದ ಮೇಲೆ ಜೊತೆಗೆ ಕೂರುತ್ತಾರೆ. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಆಮೇಲೆ ಬಾಯಿ ತೆಗೆದು, ನೀನು ಏನೋ ಪಾಪ ಮಾಡಿರಬೇಕು ಅಂತ ಶುರು ಮಾಡುತ್ತಾರೆ. ಯೋಬ ಒಪ್ಪಲ್ಲ. ದೇವರ ಮೇಲೇ ಕೇಸ್ ಹಾಕುವ ಧಾಟಿಯಲ್ಲಿ ಅಧ್ಯಾಯದ ಮೇಲೆ ಅಧ್ಯಾಯ ವಾದ ಮಾಡುತ್ತಾನೆ.

38ರಿಂದ 41ನೇ ಅಧ್ಯಾಯದವರೆಗೆ ದೇವರು ಮಾತಾಡುತ್ತಾನೆ. ಕಷ್ಟಕ್ಕೆ ಕಾರಣ ಇಂಥದ್ದು ಅಂತ ಮಾತ್ರ ಹೇಳಲ್ಲ. ಸಮುದ್ರ, ನಕ್ಷತ್ರ, ಕಾಡುಮೇಕೆ, ಹದ್ದು ಇವನ್ನೆಲ್ಲ ತೋರಿಸಿ ಯೋಬನನ್ನೇ ಪ್ರಶ್ನೆ ಕೇಳುತ್ತಾನೆ. ನಿನಗೆ ಕಾಣುವ ಭಾಗ ಬಹಳ ಚಿಕ್ಕದು ಅಂತ ಗಟ್ಟಿಯಾಗಿಯೇ ತಿಳಿಸುತ್ತಾನೆ, ಯೋಬನೂ ತಗ್ಗುತ್ತಾನೆ. ಆದರೆ 42ನೇ ಅಧ್ಯಾಯದಲ್ಲಿ ತೀರ್ಪು ಬರುವಾಗ ದೇವರಿಗೆ ಸಿಟ್ಟು ಬಂದಿರೋದು ಯಾರ ಮೇಲೆ? ದೇವರ ಪರವಾಗಿ ವಾದ ಮಾಡಿದ ಸ್ನೇಹಿತರ ಮೇಲೆ! ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ಅವರಿಗಾಗಿ ಪ್ರಾರ್ಥನೆ ಮಾಡಬೇಕಾದವನು ಯೋಬ.

ಇದನ್ನು ಓದಿದ ರಾತ್ರಿ ನನಗೆ ಆ ಹಿರಿಯರ ಮಾತು ನೆನಪಾಯಿತು. ಎದೆ ಮೇಲಿದ್ದ ಒಂದು ಕಲ್ಲು ಸ್ವಲ್ಪ ಸರಿದ ಹಾಗಾಯಿತು.

ಕೀರ್ತನೆಗಳನ್ನು ನೋಡಿ. ಒಟ್ಟು 150ರಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಿನ ಹಾಡುಗಳು. 13ನೇ ಕೀರ್ತನೆ ಮೊದಲ ಎರಡು ವಚನದಲ್ಲೇ ನಾಲ್ಕು ಸಲ ಎಷ್ಟು ಕಾಲ ಅಂತ ಕೇಳುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿದುಹೋಗುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಇವನ್ನು ಯಾರೂ ತೆಗೆದುಹಾಕಲಿಲ್ಲ. ದೇವರ ಜನ ದೇವರ ಮುಂದೆ ಹಾಡುವ ಪುಸ್ತಕದಲ್ಲೇ ಇವೆ.

ನಮ್ಮ ಕಾಲದ ಉದಾಹರಣೆ ಬೇಕಾದರೆ ಮದರ್ ತೆರೆಸಾ. 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ, 2007ರಲ್ಲಿ ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದವು. ಕೋಲ್ಕತ್ತಾದ ಬೀದಿಗಳಲ್ಲಿ ಸಾಯುವವರ ಸೇವೆ ಮಾಡುತ್ತಿದ್ದ ಆ ದಶಕಗಳಲ್ಲಿ ಒಳಗೆ ದೇವರ ಇರವೇ ಗೊತ್ತಾಗದ ಕತ್ತಲೆ ಇತ್ತು ಅಂತ ಆ ಪತ್ರಗಳಿಂದ ತಿಳಿಯಿತು. ಅವನ್ನು ಸುಟ್ಟುಹಾಕಿ ಅಂತ ಅವರು ಕೇಳಿಕೊಂಡಿದ್ದರಂತೆ. ಅವನ್ನು ಓದಿದ ಮೇಲೂ ಕಥೋಲಿಕ ಸಭೆ 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿತು.

ಹಾಗಾದರೆ ಯಾಕೋಬನ ಮಾತು, ಜಕರೀಯನ ಕಥೆ?

ಬೈಬಲ್ ಓದಿದವರು ಇಲ್ಲಿ ತಡೆಯುತ್ತೀರಿ. ಸಂಶಯಪಡುವವನು ಗಾಳಿಗೆ ಸಿಕ್ಕ ಸಮುದ್ರದ ಅಲೆಯ ಹಾಗೆ ಅಂತ ಯಾಕೋಬನ ಪತ್ರ ಹೇಳಲ್ವಾ? ಹೇಳುತ್ತೆ. ಅಡಗಿಸುವುದು ಬೇಡ. ಆದರೆ ಅದರ ಹಿಂದಿನ ವಚನವನ್ನೂ ಓದಿ: ಜ್ಞಾನ ಕಡಿಮೆ ಇದ್ದವನು ಕೇಳಲಿ, ದೇವರು ಹಂಗಿಸದೆ ಎಲ್ಲರಿಗೂ ಧಾರಾಳವಾಗಿ ಕೊಡುತ್ತಾನೆ ಅನ್ನೋ ಅರ್ಥ ಬರುತ್ತೆ. ಯಾಕೋಬ ಎಚ್ಚರಿಸುವುದು ಎರಡು ದೋಣಿಯಲ್ಲಿ ಕಾಲಿಟ್ಟ ಮನಸ್ಸಿನ ಬಗ್ಗೆ, ಗೊತ್ತಿಲ್ಲ ಅಂತ ಒಪ್ಪಿಕೊಂಡು ಕೇಳುವವನ ಬಗ್ಗೆ ಅಲ್ಲ.

ಜಕರೀಯನಿಗೆ ಮುದಿವಯಸ್ಸಲ್ಲಿ ಮಗ ಹುಟ್ಟುತ್ತಾನೆ ಅಂದಾಗ ನಂಬದೆ ಗುರುತು ಕೇಳಿದ, ಮಗು ಹುಟ್ಟಿ ಹೆಸರಿಡುವವರೆಗೆ ಮೂಕನಾದ. ತಾಳ್ಮೆ ಅಂದರೆ ಏನು ಮಾಡಿದರೂ ನಡೆಯುತ್ತೆ ಅಂತಲ್ಲ ಅನ್ನೋದಕ್ಕೆ ಇದು ಸಾಕ್ಷಿ. ಆದರೆ ಕೊಟ್ಟ ಮಾತು ರದ್ದಾಗಲಿಲ್ಲ, ಮಗ ಹುಟ್ಟಿದ. ಅವನೇ ಸ್ನಾನಿಕ ಯೋಹಾನ. ಮುಂದೆ ಜೈಲಿನಲ್ಲಿ ಕೂತು, ಬರಬೇಕಾದವನು ನೀನೇನಾ, ಇಲ್ಲಾ ಬೇರೆಯವರಿಗೆ ಕಾಯಬೇಕಾ ಅಂತ ಯೇಸುವಿಗೆ ಹೇಳಿಕಳಿಸಿದವನೂ ಅವನೇ. ಯೇಸು ಉತ್ತರ ಕಳಿಸಿದ ಮೇಲೆ ಜನರ ಮುಂದೆ ಯೋಹಾನನನ್ನು ಹೊಗಳಿದ.

ಹಾಗಂತ ಎಲ್ಲರೂ ಕೇಳಿದಾಗಲೂ ಯೇಸು ಗುರುತು ಕೊಡಲಿಲ್ಲ. ಸಿಕ್ಕಿಹಾಕಿಸೋಕೆ ಅಂತ ಬಂದು ಕೇಳಿದ ಫರಿಸಾಯರಿಗೆ ಕೊಡಲ್ಲ ಅಂದ. ಕೋಡ್ ರಿವ್ಯೂನಲ್ಲಿ ಎರಡು ಥರದ ಪ್ರಶ್ನೆ ನೋಡಿರ್ತೀವಿ. ಒಬ್ಬ ಅರ್ಥ ಮಾಡಿಕೊಳ್ಳೋಕೆ ಕೇಳ್ತಾನೆ, ಇನ್ನೊಬ್ಬ ರಿಜೆಕ್ಟ್ ಮಾಡೋದು ಅಂತ ಮೊದಲೇ ತೀರ್ಮಾನಿಸಿ ಕೇಳ್ತಾನೆ. ಪದಗಳು ಒಂದೇ ಇರಬಹುದು. ನಮ್ಮದು ಯಾವುದು ಅಂತ ನಮಗೇ ಗೊತ್ತಿರುತ್ತೆ.

ಮೊದಲು ಊಟ

ಕೊನೆಯದಾಗಿ ಎಲೀಯ. 1 ಅರಸುಗಳು 19ನೇ ಅಧ್ಯಾಯ. ದೊಡ್ಡ ಗೆಲುವಿನ ಮರುದಿನವೇ ಜೀವಭಯದಿಂದ ಓಡಿ, ಕಾಡಿನಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಜೀವ ತಗೋ ಅನ್ನುತ್ತಾನೆ. ಬರ್ನ್‌ಔಟ್ ಅಂತೀವಲ್ಲ, ಅದೇ. ದೇವರು ಉಪದೇಶ ಮಾಡಲಿಲ್ಲ. ದೂತ ಬಂದು ತಟ್ಟಿ ಎಬ್ಬಿಸಿದ, ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ. 40 ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆ, ಇಲ್ಲೇನು ಮಾಡ್ತಿದ್ದೀಯ ಅನ್ನೋ ಪ್ರಶ್ನೆ ಬಂತು.

ಇದು ನನಗೆ ಯಾಕೆ ನಾಟಿತು ಅಂದರೆ, ಆ ಎರಡು ವರ್ಷ ಅಮ್ಮ ಪ್ರತಿ ಭಾನುವಾರ ಫೋನ್ ಮಾಡಿ "ಚರ್ಚಿಗೆ ಹೋಗಿದ್ಯಾ?" ಅಂತ ಕೇಳೋರು. ನಾನು "ಹೂಂ" ಅಂತಿದ್ದೆ. ಸುಳ್ಳು. ಒಂದು ಭಾನುವಾರ ತಡೆಯೋಕಾಗದೆ ಹೇಳಿಬಿಟ್ಟೆ: "ಇಲ್ಲಮ್ಮ, ಅಪ್ಪ ಹೋದಾಗಿಂದ ಹೋಗಿಲ್ಲ, ಪ್ರಾರ್ಥನೇನೂ ಮಾಡಿಲ್ಲ." ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಮ್ಮ ಹೇಳಿದ್ದು: "ನಂಗೆ ಗೊತ್ತಿತ್ತು ಕಣೋ. ಇರ್ಲಿ. ಊಟ ಮಾಡಿದ್ಯಾ?"

ಗಂಡನನ್ನು ಕಳೆದುಕೊಂಡವರು ಅವರು. ಅವರಿಗೂ ಪ್ರಶ್ನೆ ಇರಲಿಲ್ಲವಾ? ಆದರೂ ಎರಡು ವರ್ಷ ನನ್ನ ಸುಳ್ಳನ್ನು ಗೊತ್ತಿದ್ದೂ ಕೇಳಿಸಿಕೊಂಡು, ನಾನೇ ಹೇಳಲಿ ಅಂತ ಕಾದಿದ್ದರು. ದೀರ್ಘಶಾಂತಿ ಅನ್ನೋ ಪದಕ್ಕೆ ನನಗೆ ಅರ್ಥ ಸಿಕ್ಕಿದ್ದು ಆ ಫೋನಿನಲ್ಲಿ. ಅವತ್ತು ರಾತ್ರಿ ಎರಡು ವರ್ಷದ ನಂತರ ಪ್ರಾರ್ಥಿಸಿದೆ. ಭಕ್ತಿಯ ಮಾತೇನೂ ಬರಲಿಲ್ಲ. "ಐದು ಗಂಟೆ ಕೊಡಬಹುದಿತ್ತು" ಅಂತ ಅದನ್ನೇ ಮತ್ತೆ ಹೇಳಿದೆ. ಈ ಸಲ ಆತನಿಗೇ ಹೇಳಿದೆ.

ಉತ್ತರ ಇವತ್ತಿಗೂ ಸಿಕ್ಕಿಲ್ಲ. ಆ ಪ್ರಶ್ನೆ ಇನ್ನೂ ಓಪನ್ ಇದೆ. ಆದರೆ ಅದನ್ನು ಹಿಡಿದುಕೊಂಡೇ ಆತನ ಹತ್ತಿರ ಹೋಗಬಹುದು ಅಂತ ಗೊತ್ತಾಗಿದೆ.

ಹೈದರಾಬಾದಿನ ಸಹೋದರನಿಗೆ

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಮೂರು ಮಾತು. ಪ್ರಶ್ನೆಯನ್ನು ದೇವರ ಬಗ್ಗೆ ಬೇರೆಯವರ ಹತ್ತಿರ ಕೇಳುವುದಕ್ಕಿಂತ ಮೊದಲು ದೇವರನ್ನೇ ಕೇಳಿ, ಒರಟಾಗಿ ಬಂದರೂ ಪರವಾಗಿಲ್ಲ, 88ನೇ ಕೀರ್ತನೆಗಿಂತ ಒರಟಾಗಿ ಬರಲಿಕ್ಕಿಲ್ಲ. ಕೋಣೆ ಬಿಟ್ಟು ಹೋಗಬೇಡಿ, ತೋಮನ ಹಾಗೆ ನಂಬುವವರ ಮಧ್ಯೆ ನಂಬದೆಯೇ ಆದರೂ ಕೂತಿರಿ. ಓಡಿಸುವ ಕೋಣೆಯಾದರೆ ಓಡಿಸದ ಇನ್ನೊಂದನ್ನು ಹುಡುಕಿ. ಮತ್ತೆ ರಾತ್ರಿ ಎರಡು ಗಂಟೆಗೆ ಎದ್ದಿರಬೇಡಿ, ಉಂಡು ಮಲಗಿ. ಎಲೀಯನಿಗೂ ಮೊದಲು ಸಿಕ್ಕಿದ್ದು ಅದೇ.

ಉಳಿದ ನಮಗೂ ಒಂದು ಮಾತಿದೆ. ಯೂದನ ಪತ್ರ ತುಂಬಾ ಚಿಕ್ಕದು, ಒಂದೇ ಅಧ್ಯಾಯ. ಅದರಲ್ಲಿ ಸಂಶಯಪಡುವವರಿಗೆ ಕರುಣೆ ತೋರಿಸಿ ಎಂಬ ಬುದ್ಧಿಮಾತಿದೆ. ನಿಮ್ಮ ರೂಮ್‌ಮೇಟ್, ಟೀಮ್‌ಮೇಟ್, ತಂಗಿ, ಮಗ ಯಾರಾದರೂ ಇಂಥ ಪ್ರಶ್ನೆ ತಂದರೆ ತಕ್ಷಣ ಉತ್ತರ ಕೊಡೋಕೆ ಹೋಗಬೇಡಿ. ಯೋಬನ ಸ್ನೇಹಿತರ ಮೊದಲ ಏಳು ದಿನ ನೆನಪಿಟ್ಟುಕೊಳ್ಳಿ, ಎಂಟನೆಯದನ್ನಲ್ಲ.

ಮುಂದಿನ ವಾರ ಸಿಗೋಣ. ಅಲ್ಲಿಯವರೆಗೆ ನಿಮ್ಮ ಪ್ರಶ್ನೆಗಳನ್ನು ಕಳಿಸ್ತಾ ಇರಿ. ಹೆಸರು ಹಾಕೋದು ಬೇಡ ಅನಿಸಿದರೆ ಹಾಕಬೇಡಿ. ನಮಸ್ಕಾರ.